ಅತ್ತಿಗೆಯ ಪಾಳಿ ಮುಗಿಯುವುದು ಯಾವಾಗ?

ವಯಸ್ಸಾದವರು ಹೇಳಿದ್ದನ್ನೇ ಹೇಳಿದರೆ, ಉಂಡದ್ದನ್ನು ಮರೆತರೆ ನಮ್ಮ ಕಡೆ ‘ಅರವತ್ತಕ್ಕ ಅರಳುಮರಳು’ ಅಂತ ನಕ್ಕು ಬಿಡುತ್ತಾರೆ. ಆ ಮಾತು ಬಂದ ಮೇಲೆ ಡಾಕ್ಟರ ಮಾತು ಬರುವುದಿಲ್ಲ. ಯಲಬುರ್ಗಾ ತಾಲ್ಲೂಕಿನ ನಮ್ಮೂರಲ್ಲಿ ಅವ್ವನಿಗೂ ಓಣಿಯವರು ಅದನ್ನೇ ಅಂದರು. ಒಪ್ಪದವಳು ಅತ್ತಿಗೆ ಒಬ್ಬಳೇ. ಹುಡುಗಿಯಾಗಿದ್ದಾಗಿನಿಂದ ರೊಟ್ಟಿ ಬಡಿದ ಅವ್ವ, ಎಸರು ಹಾಕುವುದನ್ನೇ ಮರೆತು ಒಣಹಿಟ್ಟು ತಟ್ಟುತ್ತ ಕೂತಿದ್ದನ್ನು ನೋಡಿ, “ಇದು ವಯಸ್ಸಿಂದಲ್ರೀ, ಬ್ಯಾರೆ ಏನೋ ಐತಿ” ಎಂದು ಅಣ್ಣನಿಗೆ ಹೇಳಿದಳು.

ಕೊಪ್ಪಳದಲ್ಲಿ ನೋಡಿದ ವೈದ್ಯರು ಮೊದಲು ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಬರೆದರು. ಅವುಗಳ ಕೊರತೆಯಿಂದಲೂ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅಂಥದ್ದು ಔಷಧಿಯಿಂದ ಸುಧಾರಿಸಬಹುದು. ಬೇಗ ತೋರಿಸಬೇಕು ಅನ್ನುವುದು ಅದಕ್ಕೇ. ಅವ್ವನದು ಅದಾಗಿರಲಿಲ್ಲ. ಅಲ್ಲಿಂದ ಧಾರವಾಡದ ಡಿಮ್ಹಾನ್ಸ್‌ಗೆ ಹೋದೆವು. ಸಾಲಿ ಕಲಿಯದ ಅವ್ವನಿಗೆ ಅಲ್ಲಿನ ಡಾಕ್ಟರು ತಾರೀಖು ಕೇಳಲಿಲ್ಲ. “ಎಳ್ಳಮಾಸಿ ಆತೇನಬೇ? ಗವಿಮಠದ ಜಾತ್ರಿ ಇನ್ನೂ ಬರಬೇಕೋ?” ಎಂದು ಕೇಳಿದರು. ಅವ್ವ ಉತ್ತರ ಹೇಳದೆ ಅತ್ತಿಗೆಯ ಮುಖ ನೋಡಿದಳು. ಅಲ್ಝೈಮರ್ಸ್ ಎಂದು ಗೊತ್ತಾಯಿತು. ಗುಳಿಗೆ ಕೆಲವರಿಗೆ ಕೆಲ ಕಾಲ ಆಸರೆಯಾಗುತ್ತದೆ, ರೋಗ ವಾಸಿ ಮಾಡುವುದಿಲ್ಲ.

ಅತ್ತಿಗೆ ಬೀಜೋತ್ಪಾದನೆಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಆ ಕೂಲಿ ನಿಂತಿತು. ಅವ್ವನನ್ನು ಒಬ್ಬಳನ್ನೇ ಬಿಟ್ಟರೆ ಒಲೆ ಹಚ್ಚುತ್ತಾಳೆ, ಇಲ್ಲವೇ ರಸ್ತೆ ಹಿಡಿಯುತ್ತಾಳೆ. ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚು. ಸೀರೆ ಗಂಟು ಕಟ್ಟಿಕೊಂಡು “ನಮ್ಮವ್ವ ದಾರಿ ಕಾಯ್ತಿರ್ತಾಳ, ಕುಷ್ಟಗಿಗೆ ಹೊಕ್ಕೀನಿ” ಅನ್ನುತ್ತಾಳೆ. ‘ನಿಮ್ಮವ್ವ ಸತ್ತು ಎಷ್ಟು ವರ್ಷಾತು’ ಎಂದು ತಿದ್ದಿದರೆ ಆಗಲೇ ಸುದ್ದಿ ಬಂದವರಂತೆ ಎದೆ ಬಡಿದುಕೊಂಡು ಅಳುತ್ತಾಳೆ. ಅತ್ತಿಗೆ ತಿದ್ದುವುದಿಲ್ಲ. “ಹೋಗೂಣಬೇ, ಚಾ ಕುಡದು ಹೋಗೂಣು” ಅನ್ನುತ್ತಾಳೆ. ಚಹಾ ಆದ ಮೇಲೆ ಕೈ ಹಿಡಿದು ಹನುಮಪ್ಪನ ಗುಡಿಯವರೆಗೆ ನಡೆಸುತ್ತಾಳೆ. ತಿರುಗಿ ಬರುವಷ್ಟರಲ್ಲಿ ಕುಷ್ಟಗಿ ಮರೆತಿರುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ.

ಸೆಪ್ಟೆಂಬರ್ 21, ವಿಶ್ವ ಅಲ್ಝೈಮರ್ಸ್ ದಿನ. ಅಂದು ನಮ್ಮಂಥ ವರದಿಗಾರರಿಗೆ ಬರುವುದು ಜಾಗೃತಿ ಕಾರ್ಯಕ್ರಮದ ಫೋಟೊ, ವೇದಿಕೆಯಲ್ಲಿದ್ದವರ ಹೆಸರು. ಮನೆಯಲ್ಲಿ ನೋಡಿಕೊಳ್ಳುವವರ ಹೆಸರು ಇರುವುದಿಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ನಮ್ಮ ರಾಜ್ಯದಲ್ಲಿ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ‘ಕಭಿ’ ಎಂಬ ಮಿದುಳು ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಂಥ ರೋಗಿಗಳಿಗೆ ಜಿಲ್ಲಾಮಟ್ಟದಲ್ಲೇ ಚಿಕಿತ್ಸೆ ಸಿಗಬೇಕೆಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಕ್ಲಿನಿಕ್ಕಿನಿಂದ ಮನೆಗೆ ಬಂದ ಮೇಲಿನ ಇಪ್ಪತ್ನಾಲ್ಕು ತಾಸು?

ಕಾಗದಪತ್ರದ್ದೂ ಒಂದು ಗೋಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರಿದೆ. ಅಲ್ಝೈಮರ್ಸ್ ಹೆಸರಿಲ್ಲ. ಕೈ ನಡುಗುವುದು ಕಣ್ಣಿಗೆ ಕಾಣುತ್ತದೆ, ದಾರಿ ತಪ್ಪಿದ ಮನಸ್ಸು ಕಾಣುವುದಿಲ್ಲ.

ಈಗ ಮನೆಯಲ್ಲಿ ಪಾಳಿ ಹಚ್ಚಿಕೊಂಡಿದ್ದೇವೆ. ಗುರುವಾರ, ರವಿವಾರ ಅವ್ವ ನನ್ನ ಪಾಲು. ಸುದ್ದಿ ಫೋನಿನಲ್ಲೇ ಬರೆದು ಕಳಿಸುತ್ತೇನೆ. ಮೊದಲ ಗುರುವಾರ ಅತ್ತಿಗೆ ತವರಿಗೆ ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಮಧ್ಯಾಹ್ನದವರೆಗೆ ಮಲಗಿದಳು. ಎದ್ದು “ಎಷ್ಟು ತಿಂಗಳಾಗಿತ್ತೋ ಹಿಂಗ ನಿದ್ದಿ ಬಂದು” ಅಂದಳು.

ನೋಡಿಕೊಳ್ಳುವವರ ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಇವು ಇರಲಿ. ಅದಕ್ಕೂ ಮೊದಲು ನಾವು ಮಾಡಬಹುದಾದ್ದು ಒಂದಿದೆ. ಅವ್ವನನ್ನು ಮಾತಾಡಿಸಲು ಬಂದವರೆಲ್ಲ “ಊಟ ಮಾಡ್ತಾಳ? ಗುರುತು ಹಿಡೀತಾಳ?” ಎಂದು ಕೇಳಿ, ಚಹಾ ಕುಡಿದು ಎದ್ದು ಹೋಗುತ್ತಾರೆ. ಅತ್ತಿಗೆ ಊಟ ಮಾಡಿದಳೋ ಇಲ್ಲವೋ ಯಾರೂ ಕೇಳುವುದಿಲ್ಲ. ನಿಮ್ಮ ಓಣಿಯಲ್ಲೂ ಇಂಥ ಮನೆ ಇದ್ದರೆ ಎರಡು ತಾಸು ಅಲ್ಲಿ ಕೂತು, ಆಕೆಯನ್ನು ಹೊರಗೆ ಕಳಿಸಿಕೊಡಿ.