ಈಗಿಲ್ಲದ ಮರದಿಂದ ಎರಡು ಬೀದಿ ಆಚೆ

ಸೋದರಿಯರೇ, ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ ಅಂದರೆ ನೆಂಟರ ಮನೆ ಹೇಗೆ ಹುಡುಕ್ತೀರಿ? ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಆದರೂ ಅಲ್ಲಿ ವಿಳಾಸ ಅಂದರೆ ದಾರಿ ಹೇಳುವುದೇ. "ಪುಟ್ಟ ಮರವಿದ್ದ ಜಾಗದಿಂದ ಎರಡು ಬೀದಿ ಸರೋವರಕ್ಕೆ, ಒಂದು ಬೀದಿ ಕೆಳಕ್ಕೆ" ಅಂತ ಕಾಗದದ ಮೇಲೂ ಬರೆಯುತ್ತಾರೆ!

'ಸರೋವರಕ್ಕೆ' ಅಂದರೆ ಉತ್ತರಕ್ಕೆ. ಊರಿನ ಉತ್ತರದಲ್ಲಿ ಷೊಲೊಟ್ಲಾನ್ ಎಂಬ ದೊಡ್ಡ ಸರೋವರವಿದೆ. 'ಮೇಲಕ್ಕೆ' ಅಂದರೆ ಸೂರ್ಯ ಹುಟ್ಟುವ ಪೂರ್ವ, 'ಕೆಳಕ್ಕೆ' ಅಂದರೆ ಮುಳುಗುವ ಪಶ್ಚಿಮ. ಏರು ಇಳಿಜಾರಿಗೂ ಈ ಮಾತಿಗೂ ಸಂಬಂಧವಿಲ್ಲ. ಚಿಕ್ಕ ದೂರವನ್ನು 'ವಾರಾ' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ವಾರಾ ಸುಮಾರು 84 ಸೆಂಟಿಮೀಟರ್, ನಮ್ಮ ಗಜಕ್ಕಿಂತ ತುಸು ಕಡಿಮೆ.

ಇದೇನು ತಮಾಷೆ ಅಂತೀರಾ? ಇದರ ಹಿಂದೆ ದೊಡ್ಡ ದುಃಖವಿದೆ. 1972ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡೇ ದಿನವಿರುವಾಗ, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಭೂಮಿ ನಡುಗಿತು. ಸಾವಿರಾರು ಜನ ಸತ್ತರು. ಊರಿನ ನಡುಭಾಗ ಹಾಳಾಯಿತು. ಅದನ್ನು ಮೊದಲಿದ್ದ ಹಾಗೆ ಮತ್ತೆ ಕಟ್ಟಲಿಲ್ಲ. ಊರು ಸುತ್ತಮುತ್ತ ಹರಡಿಕೊಂಡಿತು. ಹಳೆಯ ಕೆಥೆಡ್ರಲ್ ಬಿರುಕುಬಿಟ್ಟು ನಿಂತಿತು, 1993ರಲ್ಲಿ ಬೇರೆ ಕಡೆ ಹೊಸದು ಬಂತು. ಆದರೆ ಬಿದ್ದುಹೋದ ಕಟ್ಟಡಗಳು ಜನರ ಬಾಯಲ್ಲಿ ಹಾಗೇ ಉಳಿದವು. ಆಮೇಲೆ ಹುಟ್ಟಿದ ಮಕ್ಕಳೂ ತಾವು ಕಣ್ಣಲ್ಲಿ ಕಾಣದ ಗುರುತಿನಿಂದಲೇ ಬೀದಿ ಎಣಿಸುತ್ತಾರೆ.

ಮಳೆಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ದಕ್ಷಿಣದ ಗುಡ್ಡಗಳ ನೀರು ಊರಿನ ನಡುವೆ ಹಾಯುವ ದೊಡ್ಡ ತೆರೆದ ಕಾಲುವೆಗಳಲ್ಲಿ ಸರೋವರಕ್ಕೆ ಧುಮ್ಮಿಕ್ಕುತ್ತದೆ. ಇಷ್ಟು ದೊಡ್ಡ ಸರೋವರವಿದ್ದೂ ಅದರ ನೀರು ಕುಡಿಯುವ ಹಾಗಿಲ್ಲ. ಎಷ್ಟೋ ದಶಕ ಊರಿನ ಕೊಳಚೆಯೆಲ್ಲ ಅಲ್ಲಿಗೇ ಸೇರುತ್ತಿತ್ತು. ಕೊಳಚೆ ಶುದ್ಧ ಮಾಡುವ ಘಟಕ ಬಂದದ್ದು 2009ರಲ್ಲಿ. ಕುಡಿಯುವ ನೀರಿನ ಒಂದು ಪಾಲು ಅಸೊಸೊಸ್ಕಾ ಎಂಬ ಕೊಳದಿಂದ ಬರುತ್ತದೆ. ಅದು ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು!

ಅಡಿಗೆಮನೆಗೆ ಬಂದರೆ ನಮಗೆ ಹೊಸತೇನಿಲ್ಲ. ಬೇಯಿಸಿದ ಕೆಂಪು ಹುರುಳಿಕಾಯಿ ಬೀಜ, ಉಳಿದ ಅನ್ನ, ಈರುಳ್ಳಿ ಹಾಕಿ ಎಣ್ಣೆಯಲ್ಲಿ ಹುರಿದರೆ 'ಗಾಯೊ ಪಿಂತೊ', ಅವರ ದಿನನಿತ್ಯದ ತಿಂಡಿ.

ನಿಮ್ಮ ಮಗನೋ ಮಗಳೋ ಆ ಕಡೆ ಹೊರಟರೆ ಒಂದು ಮಾತು ಹೇಳಿ ಕಳಿಸಿ: ಅಲ್ಲಿ ದಾರಿ ಕೇಳುವಾಗ "ಇಲ್ಲೇನಿದೆ?" ಅಂದರೆ ಸಾಲದು, "ಇಲ್ಲಿ ಮೊದಲು ಏನಿತ್ತು?" ಅಂತಲೂ ಕೇಳಬೇಕು.