ಬೀಗದ ಕೈ ಗೊಂಚಲು

ನಮ್ಮ ಅಜ್ಜಿಯ ಸೊಂಟದಲ್ಲಿ ಒಂದು ಬೀಗದ ಕೈ ಗೊಂಚಲು ಇತ್ತು. ಉಗ್ರಾಣಕ್ಕೊಂದು, ಪೆಟ್ಟಿಗೆಗೊಂದು, ಯಾವುದಕ್ಕೆಂದು ಆಕೆಗೂ ಮರೆತವು ನಾಲ್ಕಾರು. ಅದು ತಾಯಿಯ ಕೈಗೆ ಬಂದದ್ದು ಅಜ್ಜಿಯ ವೈಕುಂಠ ಸಮಾರಾಧನೆಯ ದಿನ. ಯಾವ ಕೈ ಯಾವ ಬೀಗಕ್ಕೆಂದು ಹೇಳುವವರು ಆಗ ಯಾರೂ ಉಳಿದಿರಲಿಲ್ಲ.

ಇದು ನೆನಪಾದದ್ದು ಮೊನ್ನೆ, ನಮ್ಮ ಬಡಾವಣೆಯ ವಾಚನಾಲಯದ ಸಭೆಯಿಂದ ಹಿಂತಿರುಗುವಾಗ. ಹದಿನೆಂಟು ವರ್ಷದಿಂದ ನಾನೇ ಅದರ ಕಾರ್ಯದರ್ಶಿ. "ನಿಮ್ಮ ನಂತರ ಯಾರು ಸಾರ್?" ಎಂದು ಹುಡುಗನೊಬ್ಬ ಕೇಳಿಬಿಟ್ಟ. ಮನೆಗೆ ಬಂದು ಗೊಣಗಿದೆ. ಗಣಕಯಂತ್ರದ ಕೆಲಸದಲ್ಲಿರುವ ಮಗಳು ನಕ್ಕು, "ಅಪ್ಪಾ, ನಿನಗೆ ಗೀಡೋನ ಕಥೆ ಗೊತ್ತಾ?" ಎಂದಳು.

ಗೀಡೋ ವಾನ್ ರಾಸಮ್ ಡಚ್ಚರವನು. 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತುಹೋಗಲೆಂದು ಗಣಕಯಂತ್ರಕ್ಕೆ ಒಂದು ಭಾಷೆ ಕಟ್ಟತೊಡಗಿದ. 1991ರಲ್ಲಿ ಲೋಕಕ್ಕೆ ಕೊಟ್ಟ. ಅದೇ ಪೈಥಾನ್. ಅದು ಮುಕ್ತ ತಂತ್ರಾಂಶ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಒಗ್ಗದಿದ್ದರೆ ಪ್ರತಿ ತೆಗೆದುಕೊಂಡು ಬೇರೆ ಒಲೆ ಹೂಡಬಹುದು. ಇಂಥ ಮನೆಯಲ್ಲಿ ಯಜಮಾನಿಕೆ ನಡೆಯುವುದು ಉಳಿದವರು ಒಪ್ಪಿದಷ್ಟು ದಿನ ಮಾತ್ರ. ಗೀಡೋನಿಗೆ ಅವರು ತಮಾಷೆಗೆಂದು ಕೊಟ್ಟ ಬಿರುದು 'ಜೀವಾವಧಿ ದಯಾಳು ಸರ್ವಾಧಿಕಾರಿ'. ತಮಾಷೆಯೇ ಪದವಿಯಾಯಿತು.

2018ರಲ್ಲಿ ಒಂದು ಪುಟ್ಟ ಚಿಹ್ನೆಗಾಗಿ ಜಗಳ ಹುಟ್ಟಿತು. ಒಂದರ ಕೆಳಗೊಂದು ಎರಡು ಚುಕ್ಕೆ, ಪಕ್ಕದಲ್ಲಿ ಸಮಚಿಹ್ನೆ, ಅಷ್ಟೇ. ಬೇಕು ಎಂದವರೂ ಬೇಡ ಎಂದವರೂ ಮಾತಿಗೆ ಮಾತು ಬೆಳೆಸಿದರು. ಗೀಡೋ ಅದನ್ನು ಒಪ್ಪಿ ತೀರ್ಪು ಕೊಟ್ಟ. ಆದರೆ ಬೈಗುಳ ಕೇಳಿ ದಣಿದಿದ್ದ. ಜುಲೈ 12ರಂದು ಪತ್ರ ಬರೆದು ಪದವಿ ಬಿಟ್ಟ. ಉತ್ತರಾಧಿಕಾರಿಯನ್ನು ತಾನು ನೇಮಿಸುವುದಿಲ್ಲ, ಮುಂದಿನ ದಾರಿ ನೀವೇ ಕಂಡುಕೊಳ್ಳಿ ಎಂದ.

ಅನಾಥರಾದರೇನೋ ಎಂದುಕೊಂಡೆ. ಇಲ್ಲವಂತೆ. ಏಳು ಆಡಳಿತ ಯೋಜನೆಗಳು ಮತಕ್ಕೆ ಬಂದವು. ಆ ಡಿಸೆಂಬರಿನಲ್ಲಿ ಗೆದ್ದದ್ದು ಐವರ ಸಮಿತಿಯ ಯೋಜನೆ. ಒಂದೇ ಕಂಪೆನಿಯವರು ಇಬ್ಬರಿಗಿಂತ ಹೆಚ್ಚು ಇರಕೂಡದೆಂಬ ನಿಯಮವೂ ಅದರಲ್ಲಿತ್ತು. 2019ರ ಮೊದಲ ಚುನಾವಣೆಯಲ್ಲಿ ಗೆದ್ದ ಐವರಲ್ಲಿ ಗೀಡೋ ಸಹ ಒಬ್ಬ! ಐದರಲ್ಲಿ ಒಂದು ಮತವಾಗಿ ಒಂದು ಅವಧಿ ಕುಳಿತ. ಮುಂದಿನ ಚುನಾವಣೆಯಿಂದ ತಾನಾಗಿ ಹಿಂದೆ ಸರಿದ. ಭಾಷೆ ಬೆಳೆಯುತ್ತಲೇ ಇದೆ.

ಕಥೆ ಕೇಳಿ ನನಗೆ ಸ್ವಲ್ಪ ಬೇಸರವೇ ಆಯಿತು, ನಿಜ ಹೇಳುತ್ತೇನೆ. ನಾನಿಲ್ಲದೆ ವಾಚನಾಲಯ ನಡೆಯುತ್ತದೆ ಎಂಬುದು ಯಾರಿಗೆ ರುಚಿಸೀತು? ಆದರೆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಕಣ್ಣ ಮುಂದೆ ಬಂದದ್ದು ತಾಯಿ: ಗೊಂಚಲು ಹಿಡಿದು, ಉಗ್ರಾಣದ ಬಾಗಿಲಲ್ಲಿ ನಿಂತು, ಒಂದೊಂದೇ ಕೈ ತೂರಿಸಿ ನೋಡುತ್ತಿದ್ದಾಳೆ.

ಬೆಳಿಗ್ಗೆ ಎದ್ದು ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದೆ. ಭಾನುವಾರ ಆ ಹುಡುಗನನ್ನು ಬರಹೇಳಿದ್ದೇನೆ. ಅವನು ಪತ್ರಿಕೆಗಳ ಮೇಜನ್ನು ಕಿಟಕಿಯ ಬಳಿಯಿಂದ ಕದಲಿಸಿದರೆ ಸುಮ್ಮನಿರಬಲ್ಲೆನೇ, ತಿಳಿಯದು. ಗೀಡೋಗೆ ಸಮಿತಿಯಲ್ಲಿ ಒಂದು ಅವಧಿ ಸಿಕ್ಕಿತಲ್ಲ. ನನಗೂ ಅಷ್ಟು ಕೊಡುವರೋ ಏನೋ, ಕೇಳಿ ನೋಡಬೇಕು.