ಬುಟ್ಟಿಯಿಂದ ದೂರ ಸರಿದ ಆಟ

ಹಳೆಯದನ್ನು ಹೊಗಳುವ ವಿದ್ಯೆಯನ್ನು ಮನುಷ್ಯನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಸಂಗೀತಪ್ರಿಯರನ್ನು ಮಾತನಾಡಿಸಿದರೆ, ಹಿಂದಿನ ವಿದ್ವಾಂಸರ ಶಾರೀರ ಈಗ ಎಲ್ಲಿ ಉಂಟು ಎಂದು ನಿಟ್ಟುಸಿರುಬಿಡುತ್ತಾರೆ. ಊಟದ ಮರ್ಮ ಬಲ್ಲವರನ್ನು ಮಾತನಾಡಿಸಿದರೆ, ಹಿಂದಿನ ಬದನೆಕಾಯಿಯ ರುಚಿಯೇ ಬೇರೆ ಎನ್ನುತ್ತಾರೆ. ಆಟದ ಅಭಿಮಾನಿಯೂ ಈ ಕುಲಕ್ಕೆ ಸೇರಿದವನೇ. ಅದರಲ್ಲಿಯೂ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟದ ಹಳೆಯ ಅಭಿಮಾನಿಯನ್ನು ಈ ವಿಷಯದಲ್ಲಿ ಮೀರಿಸುವವರು ವಿರಳವೆಂದೇ ಹೇಳಬೇಕು.

ಬೋಸ್ಟನ್ ನಗರದಲ್ಲಿ ಹುಟ್ಟಿ ಬೆಳೆದು, ಈಗ ಎಪ್ಪತ್ತೈದರ ಆಸುಪಾಸಿನಲ್ಲಿರುವ ಅಂತಹ ಒಬ್ಬ ಅಭಿಮಾನಿಯನ್ನು ವಾಚಕರು ಊಹಿಸಿಕೊಳ್ಳಲಿ. ಆತನ ಬಾಲ್ಯವೆಂದರೆ ಬಿಲ್ ರಸೆಲ್‌ನ ಕಾಲ. 1957ರಿಂದ 1969ರವರೆಗಿನ ಹದಿಮೂರು ಋತುಗಳಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡವು 11 ಬಾರಿ ಎನ್.ಬಿ.ಎ. ಪ್ರಶಸ್ತಿಯನ್ನು ಗೆದ್ದಿತು. ಆ ಹನ್ನೊಂದು ಬಾರಿಯೂ ರಸೆಲ್ ತಂಡದಲ್ಲಿದ್ದ. ಕೊನೆಯ ಎರಡು ಬಾರಿ ಆಟಗಾರನೂ ಆತನೇ, ತರಬೇತುದಾರನೂ ಆತನೇ. ಇಂತಹ ವೈಭವವನ್ನು ಎಳೆಯ ಕಣ್ಣಿನಿಂದ ನೋಡಿದವನಿಗೆ ಮುಂದೆ ಬಂದದ್ದೆಲ್ಲ ಸಪ್ಪೆಯಾಗಿ ತೋರಿದರೆ ಆಶ್ಚರ್ಯವೇನು?

ಆತನ ಮೊದಲನೆಯ ದೂರು ಮೂರಂಕದ ಗೆರೆಯ ಮೇಲೆ. ಹಿಂದೆ ಚೆಂಡನ್ನು ಎಲ್ಲಿಂದ ಎಸೆದರೂ, ಅದು ಬುಟ್ಟಿಗೆ ಬಿದ್ದರೆ ದೊರೆಯುತ್ತಿದ್ದದ್ದು ಎರಡೇ ಅಂಕ. 1979ರ ಅಕ್ಟೋಬರಿನಲ್ಲಿ ಆರಂಭವಾದ ಋತುವಿನಿಂದ ಎನ್.ಬಿ.ಎ. ತನ್ನ ಅಂಗಣದಲ್ಲಿ ಒಂದು ಕಮಾನಿನಂತಹ ಗೆರೆಯನ್ನು ಎಳೆಯಿತು. ಬುಟ್ಟಿಯ ಎದುರಿನಲ್ಲಿ ಅದರ ದೂರ 23 ಅಡಿ 9 ಅಂಗುಲ. ಮೂಲೆಗಳಲ್ಲಿ 22 ಅಡಿ. ಅದರ ಆಚೆಯಿಂದ ಹಾಕಿದರೆ ಮೂರು ಅಂಕ. ಈ ಬಗೆಯ ಮೊದಲ ಅಂಕಗಳನ್ನು ಗಳಿಸಿದ ಕೀರ್ತಿ 1979ರ ಅಕ್ಟೋಬರ್ 12ರಂದು ಸೆಲ್ಟಿಕ್ಸ್ ತಂಡದ ಕ್ರಿಸ್ ಫೋರ್ಡ್‌ನಿಗೇ ಸಂದಿತು. ಆಗ ಅದನ್ನು ಯಾರೂ ಅಷ್ಟಾಗಿ ಲಕ್ಷಿಸಲಿಲ್ಲ. ಊಟದ ಕೊನೆಯಲ್ಲಿ ಬಡಿಸುವ ಬಾಳೆಹಣ್ಣಿನಂತೆ ಅದು ಇದ್ದರೂ ಇರಲಿ ಎಂದುಕೊಂಡರು. ಆ ಮೊದಲ ಋತುವಿನಲ್ಲಿ ಒಂದು ತಂಡವು ಪಂದ್ಯವೊಂದಕ್ಕೆ ಸರಾಸರಿ ಮೂರು ಬಾರಿ ಕೂಡ ಗೆರೆಯಾಚೆಯಿಂದ ಎಸೆಯುತ್ತಿರಲಿಲ್ಲ. 2024–25ರ ಋತುವಿಗೆ ಬರುವಷ್ಟರಲ್ಲಿ ಈ ಸರಾಸರಿ 37ನ್ನು ದಾಟಿತ್ತು. ಬಾಳೆಹಣ್ಣೇ ಈಗ ಊಟವಾಗಿದೆ!

ಇದಕ್ಕೆ ಕಾರಣ ಯಾರ ದುರಾಸೆಯೂ ಅಲ್ಲ, ಪ್ರಾಥಮಿಕ ಶಾಲೆಯ ಲೆಕ್ಕ. ಮಧ್ಯದೂರದಿಂದ ಎಸೆದ ನೂರು ಚೆಂಡುಗಳಲ್ಲಿ ನಲವತ್ತು ಬುಟ್ಟಿಗೆ ಬಿದ್ದರೆ ದೊರೆಯುವುದು 80 ಅಂಕ. ಗೆರೆಯಾಚೆಯಿಂದ ಎಸೆದ ನೂರರಲ್ಲಿ ಮೂವತ್ತಾರು ಮಾತ್ರ ಬಿದ್ದರೂ ದೊರೆಯುವುದು 108 ಅಂಕ. ಈ ಗುಣಾಕಾರವು ತರಬೇತುದಾರರ ತಲೆಗೆ ಪೂರ್ತಿಯಾಗಿ ಇಳಿಯಲು ಮೂರು ದಶಕಗಳೇ ಬೇಕಾದವು. ಇಳಿದ ಮೇಲಂತೂ ತಡೆಯುವವರೇ ಇಲ್ಲವಾಯಿತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೀಫನ್ ಕರಿ 2015–16ರ ಒಂದೇ ಋತುವಿನಲ್ಲಿ ಇಂತಹ 402 ಎಸೆತಗಳನ್ನು ಬುಟ್ಟಿಗೆ ಹಾಕಿ, ಲೆಕ್ಕದ ಜೊತೆಗೆ ಕಲೆಯೂ ಸೇರಬಹುದೆಂದು ತೋರಿಸಿಕೊಟ್ಟ.

ಆದರೆ ಕರಿಯಂತಹವರು ಎಷ್ಟು ಮಂದಿ ಎಂಬುದು ಹಳೆಯ ಅಭಿಮಾನಿಯ ಪ್ರಶ್ನೆ. ಹಿಂದೆ ಒಂದೊಂದು ತಂಡಕ್ಕೆ ಒಂದೊಂದು ನಡೆ ಇತ್ತು, ಆಟಗಾರನ ಮುಖ ನೋಡದೆಯೇ ಚೆಂಡು ಅವನ ಕೈಬಿಡುವ ರೀತಿಯಿಂದ ಇಂಥವನೆಂದು ಹೇಳಬಹುದಾಗಿತ್ತು ಎನ್ನುತ್ತಾನೆ ಆತ. ಕರೀಮ್ ಅಬ್ದುಲ್ ಜಬ್ಬಾರ್ ತನ್ನ ನೀಳ ತೋಳನ್ನು ಕಮಾನಿನಂತೆ ಎತ್ತಿ, ಎದುರಾಳಿಯ ತಲೆಯ ಮೇಲಿನಿಂದ ಚೆಂಡನ್ನು ಇಳಿಬಿಡುತ್ತಿದ್ದ ಆ ‘ಸ್ಕೈಹುಕ್’ ಎಲ್ಲಿ? ಈಗ ನಾಲ್ವರು ಗೆರೆಯ ಸುತ್ತ ನಿಂತು ಕಾಯುತ್ತಾರೆ, ಒಬ್ಬನು ಒಳನುಗ್ಗಿ ಹೊರಕ್ಕೆ ಎಸೆಯುತ್ತಾನೆ. ಊರು ಬದಲಾದರೂ ಉಡುಪು ಬದಲಾದರೂ ಆಟ ಮಾತ್ರ ಅದೇ. 2018ರ ಮೇ 28ರಂದು ಹ್ಯೂಸ್ಟನ್ ರಾಕೆಟ್ಸ್ ತಂಡವು, ಗೆದ್ದರೆ ಅಂತಿಮ ಹಂತಕ್ಕೆ ಏರಬಹುದಾಗಿದ್ದ ಪಂದ್ಯದಲ್ಲಿ, ಗೆರೆಯಾಚೆಯಿಂದ ಒಂದರ ಮೇಲೊಂದರಂತೆ 27 ಬಾರಿ ಎಸೆದು ಇಪ್ಪತ್ತೇಳು ಬಾರಿಯೂ ತಪ್ಪಿತು, ಪಂದ್ಯವನ್ನೂ ಸೋತಿತು. ಲೆಕ್ಕವನ್ನು ನಂಬಿ ಕಣ್ಣನ್ನು ಮರೆತವರ ಗತಿ ಇದೇ ಎಂದು ಆತ ಈಗಲೂ ಈ ಪ್ರಸಂಗವನ್ನು ಉದಾಹರಿಸದೆ ಬಿಡುವುದಿಲ್ಲ.

ಎರಡನೆಯ ದೂರು ವಿಶ್ರಾಂತಿಯದು. 1961–62ರ ಋತುವಿನಲ್ಲಿ ವಿಲ್ಟ್ ಚೇಂಬರ್ಲೇನ್ ಪಂದ್ಯವೊಂದಕ್ಕೆ ಸರಾಸರಿ 48.5 ನಿಮಿಷ ಆಡಿದ. ಪಂದ್ಯದ ಅವಧಿಯೇ 48 ನಿಮಿಷವಾಗಿರುವಾಗ ಇದು ಹೇಗೆ ಸಾಧ್ಯ ಎಂದು ವಾಚಕರು ಕೇಳಬಹುದು. ಸಮಬಲವಾದ ಪಂದ್ಯಗಳಿಗೆ ಹೆಚ್ಚಿನ ಅವಧಿ ಉಂಟು. ಆತ ಅದನ್ನೂ ಬಿಡದೆ ಆಡಿದ. ಈಗಲಾದರೋ ಯಾವ ಗಾಯವೂ ಇಲ್ಲದ ತಾರೆಯರು, ಮುಂದೆ ಗಾಯವಾದೀತೆಂಬ ಮುನ್ನೆಚ್ಚರಿಕೆಯಿಂದ, ಒಳ್ಳೆಯ ಕೋಟು ತೊಟ್ಟು ಬೆಂಚಿನ ಮೇಲೆ ಕುಳಿತುಬಿಡುವುದುಂಟು. ವೈದ್ಯರ ದೃಷ್ಟಿಯಿಂದ ಅದು ವಿವೇಕವೇ ಇರಬಹುದು. ಆದರೆ ವರ್ಷವೆಲ್ಲ ಕಾಸಿಗೆ ಕಾಸು ಕೂಡಿಟ್ಟು, ದೂರದ ಊರಿನಿಂದ ಮಕ್ಕಳನ್ನು ಕರೆತಂದ ತಂದೆಯ ದೃಷ್ಟಿಯಿಂದ? ಆ ಮಗುವಿನ ಪಾಲಿಗೆ ಋತುವಿನ 82 ಪಂದ್ಯಗಳಲ್ಲಿ ಇರುವುದು ಅದೊಂದೇ ಪಂದ್ಯ. ಈ ದೂರು ಕೇವಲ ಮುದುಕರ ಗೊಣಗಾಟವಲ್ಲವೆಂಬುದಕ್ಕೆ ಸಾಕ್ಷಿ ಉಂಟು: 2023–24ರ ಋತುವಿನಿಂದ, 65 ಪಂದ್ಯಗಳನ್ನಾದರೂ ಆಡದವನಿಗೆ ಮುಖ್ಯ ಪುರಸ್ಕಾರಗಳು ದೊರೆಯದಂತೆ ಎನ್.ಬಿ.ಎ. ತಾನೇ ನಿಯಮ ಮಾಡಬೇಕಾಯಿತು.

ಇಲ್ಲಿಯವರೆಗೆ ಆತನ ಮಾತು ನ್ಯಾಯವಾದದ್ದೇ. ಆದರೆ ನೆನಪು ಎಂಬುದು ಬುದ್ಧಿವಂತ ಅಂಗಡಿಯವನಿದ್ದಂತೆ. ಒಳ್ಳೆಯ ಹಣ್ಣನ್ನು ಮೇಲೆ ಜೋಡಿಸಿ, ಕೊಳೆತದ್ದನ್ನು ಬುಟ್ಟಿಯ ತಳದಲ್ಲಿಡುತ್ತದೆ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಶಿ ಎಂಬ ಊರಿನಲ್ಲಿ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದನಷ್ಟೆ. ಅಂದು ಅಲ್ಲಿ ನೆರೆದಿದ್ದವರು 4,124 ಮಂದಿ. ಅದರ ಚಲಚ್ಚಿತ್ರ ಉಳಿದಿಲ್ಲ. ಉಳಿದಿಲ್ಲವಾದುದರಿಂದಲೇ ಅದು ವರ್ಷದಿಂದ ವರ್ಷಕ್ಕೆ ಹೆಚ್ಚು ಸುಂದರವಾಗುತ್ತ ಬಂದಿದೆ. ಇಂದಿನ ಆಟಗಾರನಿಗೆ ಈ ಅನುಕೂಲವಿಲ್ಲ. ಅವನ ಒಂದೊಂದು ತಪ್ಪನ್ನೂ ಹತ್ತು ದಿಕ್ಕಿನಿಂದ ನಿಧಾನಗತಿಯಲ್ಲಿ ತೋರಿಸಲಾಗುತ್ತದೆ.

ಬುಟ್ಟಿಯ ತಳದಲ್ಲಿರುವ ಹಣ್ಣನ್ನೂ ಸ್ವಲ್ಪ ನೋಡಬೇಕು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡವು ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿದ್ದು 19ಕ್ಕೆ 18 ಅಂಕಗಳಿಂದ! ಲೇಕರ್ಸ್ ತಂಡದಲ್ಲಿದ್ದ ಭಾರಿ ಆಳು ಜಾರ್ಜ್ ಮೈಕನ್‌ನಿಗೆ ಹೆದರಿ, ಪಿಸ್ಟನ್ಸ್ ಆಟಗಾರರು ಚೆಂಡನ್ನು ಕೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತರು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಹಣ ಕೊಟ್ಟು ಬಂದ ಜನ ಆಟ ನೋಡುವುದಕ್ಕೆ ಬದಲು ಆಟಗಾರರು ನಿಂತದ್ದನ್ನು ನೋಡಿ ಮನೆಗೆ ಹೋದರು. ಇಂತಹ ಪಂದ್ಯಗಳ ಕಾಟ ತಾಳಲಾರದೆ, ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್ ಒಂದು ಲೆಕ್ಕ ಹಾಕಿದ. ಪಂದ್ಯದ 48 ನಿಮಿಷವೆಂದರೆ 2,880 ಸೆಕೆಂಡು. ಸ್ವಾರಸ್ಯವಾದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ. ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಜಾರಿಗೆ ಬಂದಿತು. ತಂಡವೊಂದರ ಸರಾಸರಿ ಗಳಿಕೆಯು ಒಂದೇ ವರ್ಷದಲ್ಲಿ 79.5ರಿಂದ 93.1 ಅಂಕಗಳಿಗೆ ಏರಿತು.

ರಸೆಲ್ ಎನ್.ಬಿ.ಎ. ಅಂಗಣಕ್ಕೆ ಕಾಲಿಟ್ಟದ್ದು ಇದಾದ ಎರಡು ವರ್ಷಗಳ ಮೇಲೆ. ಆತ ಚೆಂಡನ್ನು ತಡೆದು ಹಿಡಿಯುತ್ತಲೂ ಜೊತೆಗಾರರು ಬಾಣದಂತೆ ಮುಂದಕ್ಕೆ ಓಡುತ್ತಿದ್ದ ಆ ಸೆಲ್ಟಿಕ್ಸ್ ಶೈಲಿಗೆ ಈ ಗಡಿಯಾರವೇ ಮೇಲ್ಪಂಕ್ತಿ ಹಾಕಿಕೊಟ್ಟಿತ್ತು. ಹಾಗೆಂದ ಮೇಲೆ, ಹಳೆಯ ಅಭಿಮಾನಿಯು ಶುದ್ಧವಾದ ಮೂಲ ಆಟವೆಂದು ಪೂಜಿಸುವುದು ಕೂಡ ಲೆಕ್ಕದಿಂದ ತಿದ್ದಿದ ಆಟವೇ. ಬುಟ್ಟಿಯ ಮುಂದಿನ ಆಯತದ ಅಗಲವೂ ಹೀಗೆಯೇ ಬದಲಾಯಿತು. 6 ಅಡಿಯಿದ್ದದ್ದನ್ನು ಮೈಕನ್‌ನ ದೆಸೆಯಿಂದ 1951ರಲ್ಲಿ 12 ಅಡಿಗೆ, ಚೇಂಬರ್ಲೇನ್‌ನ ದೆಸೆಯಿಂದ 1964ರಲ್ಲಿ 16 ಅಡಿಗೆ ಹಿಗ್ಗಿಸಿದರು. 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನ ವ್ಯಾಯಾಮಶಾಲೆಯಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ತೂಗುಹಾಕಿಸಿದ ಜೇಮ್ಸ್ ನೇಯ್ಸ್ಮಿತ್ ಮಹಾಶಯನು ಬರೆದದ್ದು ಹದಿಮೂರೇ ನಿಯಮಗಳು. ಅವುಗಳಲ್ಲಿ ಗೆರೆಯೂ ಇಲ್ಲ, ಗಡಿಯಾರವೂ ಇಲ್ಲ, ಚೆಂಡನ್ನು ಪುಟಿಸುತ್ತ ಓಡುವುದೂ ಇಲ್ಲ.

ತಳದಲ್ಲಿ ಇನ್ನೂ ಕಹಿಯಾದ ಹಣ್ಣೂ ಉಂಟು. ಎನ್.ಬಿ.ಎ. ಪಂದ್ಯದಲ್ಲಿ ಮೊದಲ ಬಾರಿಗೆ ಕರಿಯ ಜನಾಂಗದ ಆಟಗಾರನೊಬ್ಬ, ಅರ್ಲ್ ಲಾಯ್ಡ್, ಆಡಿದ್ದು 1950ರ ಅಕ್ಟೋಬರ್ 31ರಂದು. ಅದಾಗಿ ಹನ್ನೊಂದು ವರ್ಷಗಳ ಮೇಲೆ, 1961ರಲ್ಲಿ, ಸೆಲ್ಟಿಕ್ಸ್ ತಂಡವು ಪ್ರದರ್ಶನ ಪಂದ್ಯಕ್ಕೆಂದು ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಹೋದಾಗ, ತಂಡದ ಕರಿಯ ಆಟಗಾರರಿಗೆ ಹೋಟೆಲಿನಲ್ಲಿ ತಿಂಡಿ ಕೊಡಲಿಲ್ಲ. ರಸೆಲ್ ಮತ್ತು ಆತನ ಸಂಗಡಿಗರು ಆಡದೆಯೇ ಹಿಂದಿರುಗಿದರು. ಬೋಸ್ಟನ್ ಸಮೀಪದ ರೀಡಿಂಗ್ ಎಂಬಲ್ಲಿದ್ದ ರಸೆಲ್‌ನ ಮನೆಗೇ ದುಷ್ಟರು ನುಗ್ಗಿ, ಗೋಡೆಗಳ ಮೇಲೆ ಅವಾಚ್ಯ ಮಾತುಗಳನ್ನು ಬರೆದುಹೋದರು. ಅಷ್ಟೊಂದು ಪ್ರಶಸ್ತಿಗಳನ್ನು ತಂದುಕೊಟ್ಟವನಿಗೆ ಊರು ಮಾಡಿದ ಸನ್ಮಾನ ಇದು! ಆಟಗಾರರಿಗೆ ನಿವೃತ್ತಿವೇತನವೂ ಇರಲಿಲ್ಲ. 1964ರ ಜನವರಿಯಲ್ಲಿ, ಇದೇ ಬೋಸ್ಟನ್ನಿನಲ್ಲಿ, ತಾರೆಯರ ಪಂದ್ಯವನ್ನು ದೂರದರ್ಶನದಲ್ಲಿ ಬಿತ್ತರಿಸುವ ಹೊತ್ತು ಹತ್ತಿರವಾದಾಗ, ಆಟಗಾರರೆಲ್ಲರೂ ಉಡುಪು ಬದಲಿಸುವ ಕೋಣೆಯಿಂದ ಹೊರಬರಲು ನಿರಾಕರಿಸಿದರು. ನಿವೃತ್ತಿವೇತನದ ವಿಷಯದಲ್ಲಿ ಅಧಿಕಾರಿಗಳಿಂದ ಮಾತು ದೊರೆತ ಮೇಲೆಯೇ ಆಟ ಆರಂಭವಾಯಿತು. ಇಂದಿನವರ ಸಂಬಳವನ್ನು ಕಂಡು ಕಣ್ಣು ಕೆಂಪು ಮಾಡುವ ಅಭಿಮಾನಿಯು, ಆತನ ಆರಾಧ್ಯ ದೈವಗಳೇ ಆ ಕೋಣೆಯೊಳಗಿದ್ದರೆಂಬುದನ್ನು ಮರೆಯಬಾರದು.

ಹೊಸ ಆಟದಲ್ಲಿ ಹಳೆಯದು ಪೂರ್ತಿಯಾಗಿ ಸತ್ತಿದೆಯೆಂದೂ ಹೇಳಲಾಗದು. ಸರ್ಬಿಯಾ ದೇಶದ ನಿಕೊಲಾ ಯೋಕಿಚ್‌ನನ್ನು 2014ರ ಆಯ್ಕೆಯಲ್ಲಿ ಡೆನ್ವರ್ ತಂಡವು ಆರಿಸಿಕೊಂಡದ್ದು 41ನೆಯವನಾಗಿ. ಎತ್ತರಕ್ಕೆ ನೆಗೆಯಲಾರದ, ವೇಗವಾಗಿ ಓಡಲಾರದ ಈ ಧಡೂತಿ ಮನುಷ್ಯ, ಬುಟ್ಟಿಗೆ ಬೆನ್ನು ಕೊಟ್ಟು ನಿಂತು, ತಲೆಯ ಹಿಂದೆ ಕಣ್ಣಿರುವವನಂತೆ ಚೆಂಡನ್ನು ಹಂಚುವುದನ್ನು ನೋಡಿದರೆ ಹಿಂದಿನ ಕಾಲವೇ ಎದ್ದುಬಂದಂತೆ ತೋರುತ್ತದೆ. 2021, 2022 ಮತ್ತು 2024ರಲ್ಲಿ ಶ್ರೇಷ್ಠ ಆಟಗಾರನೆಂಬ ಪುರಸ್ಕಾರ ಆತನಿಗೆ ಸಂದಿತು. 2023ರ ಫೆಬ್ರವರಿ 7ರಂದು ಲೆಬ್ರಾನ್ ಜೇಮ್ಸ್, ಅಬ್ದುಲ್ ಜಬ್ಬಾರ್‌ನ 38,387 ಅಂಕಗಳ ದಾಖಲೆಯನ್ನು ಮುರಿದದ್ದು ಯಾವ ಎಸೆತದಿಂದ? ಈಗ ಯಾರಿಗೂ ಬೇಡವಾಗಿದೆಯೆನ್ನುವ ಮಧ್ಯದೂರದ ಎರಡಂಕದ ಎಸೆತದಿಂದಲೇ.

ಬೋಸ್ಟನ್ನಿನ ನಮ್ಮ ಅಭಿಮಾನಿಗೆ ನಿಜವಾದ ಧರ್ಮಸಂಕಟ ಒದಗಿದ್ದು 2024ರಲ್ಲಿ. ಆ ವರ್ಷದ ಜೂನ್ 17ರಂದು ಸೆಲ್ಟಿಕ್ಸ್ ತಂಡವು ತನ್ನ 18ನೆಯ ಪ್ರಶಸ್ತಿಯನ್ನು ಗೆದ್ದು, ಬದ್ಧವೈರಿ ಲೇಕರ್ಸ್ ತಂಡದ 17ನ್ನು ಹಿಂದೆ ಹಾಕಿತು. ಆದರೆ ಆ ಋತುವಿನಲ್ಲಿ ಇಡೀ ಎನ್.ಬಿ.ಎ.ಯಲ್ಲಿಯೇ ಅತಿ ಹೆಚ್ಚು ಬಾರಿ ಗೆರೆಯಾಚೆಯಿಂದ ಎಸೆದ ತಂಡವೂ ಅದೇ. ಪಂದ್ಯವೊಂದಕ್ಕೆ ಸರಾಸರಿ 42 ಬಾರಿಗೂ ಮಿಗಿಲು! ಆತ ಇಪ್ಪತ್ತು ವರ್ಷಗಳಿಂದ ಬೈಯುತ್ತ ಬಂದ ಆಟವನ್ನೇ ಆಡಿ, ಆತ ಅರುವತ್ತು ವರ್ಷಗಳಿಂದ ಪ್ರೀತಿಸುತ್ತ ಬಂದ ತಂಡ ಗೆದ್ದಿತು. ಅಂದು ರಾತ್ರಿ ಆತನೂ ಎದ್ದು ನಿಂತು ಚಪ್ಪಾಳೆ ತಟ್ಟಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಮತ್ತೆ ಗೊಣಗಿರಬೇಕೆಂಬುದರಲ್ಲಿಯೂ ಸಂದೇಹವಿಲ್ಲ.

ಗೊಣಗಲಿ. 19ಕ್ಕೆ 18ರಂತಹ ಪಂದ್ಯಗಳನ್ನು ನೋಡಿ ಅಂದಿನ ಅಭಿಮಾನಿಗಳು ಸುಮ್ಮನಿದ್ದಿದ್ದರೆ ಬಯಾಸೋನ್‌ನ ಗಡಿಯಾರ ಹುಟ್ಟುತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತ ತಾರೆಯರನ್ನು ಕಂಡು ಇಂದಿನವರು ಸುಮ್ಮನಿದ್ದಿದ್ದರೆ 65 ಪಂದ್ಯಗಳ ನಿಯಮವೂ ಬರುತ್ತಿರಲಿಲ್ಲ. ಮೂರಂಕದ ಗೆರೆಯೂ ಕೊನೆಗೆ ಬಣ್ಣದಲ್ಲಿ ಎಳೆದದ್ದೇ ಹೊರತು ಕಲ್ಲಿನಲ್ಲಿ ಕೊರೆದದ್ದಲ್ಲ. 1994ರಲ್ಲಿ ಅದನ್ನು ಎಲ್ಲೆಡೆಯೂ 22 ಅಡಿಗೆ ತಂದು, ಮೂರು ಋತುಗಳಾದ ಮೇಲೆ ಮತ್ತೆ ಹಿಂದಕ್ಕೆ ಸರಿಸಿದ್ದರು. ಇನ್ನೊಮ್ಮೆ ಸರಿಸುವ ದಿನ ಬಂದರೆ, ಅದಕ್ಕೆ ಕಾರಣರಾದವರಲ್ಲಿ ಈ ಮುದುಕನೂ ಒಬ್ಬನಾಗಿರುತ್ತಾನೆ. ಆಗ ಆತನ ಮೊಮ್ಮಗ, ಮೂರಂಕದ ಆ ಸೊಗಸಾದ ಹಳೆಯ ಆಟ ಎಲ್ಲಿ ಹೋಯಿತು ಎಂದು ಕೊರಗಲು ಸಿದ್ಧನಾಗಿಯೇ ಇರುತ್ತಾನೆ.